ತೂಕ ಇಳಿದರೆ ರಾತ್ರಿಯ ಉಸಿರು ಸರಿಹೋದೀತೆ?

ನಿದ್ರಾ ಪರೀಕ್ಷೆಯ ವರದಿ ಕೈಗೆ ಬಂದ ಮೇಲೆ ರೋಗಿ ಕೇಳುವ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಡಾಕ್ಟ್ರೇ, ತೂಕ ಇಳಿಸಿದ್ರೆ ಇದು ಹೋಗುತ್ತಾ?" ಕಣ್ಣೆದುರು ನಿಂತಿರುವುದು ಮೂಗಿಗೆ ಬಿಗಿದುಕೊಳ್ಳುವ ಮಾಸ್ಕು, ಅದಕ್ಕೊಂದು ಕೊಳವೆ, ತಲೆದಿಂಬಿನ ಪಕ್ಕ ರಾತ್ರಿಯಿಡೀ ಗಾಳಿ ಊದುವ ಸಿಪ್ಯಾಪ್ ಯಂತ್ರ. ಇದನ್ನು ಬದುಕಿರುವವರೆಗೂ ಹಾಕಿಕೊಂಡೇ ಮಲಗಬೇಕು ಎಂದರೆ ಯಾರಿಗಾದರೂ ಎದೆ ಧಸಕ್ಕೆನ್ನುತ್ತದೆ. ನಲವತ್ತು ದಾಟಿದ, ಬಿಪಿ ಮಾತ್ರೆ ನುಂಗುತ್ತಿರುವ, ಹೊಟ್ಟೆ ಸ್ವಲ್ಪ ಮುಂದೆ ಬಂದಿರುವ ಮನುಷ್ಯನಿಗೆ ಆ ಕ್ಷಣದಲ್ಲಿ ತೂಕ ಇಳಿಸುವುದೇ ಸುಲಭದ ಕೆಲಸವಾಗಿ ಕಾಣುತ್ತದೆ.

ಈ ಪ್ರಶ್ನೆಗೆ ನಮ್ಮಲ್ಲಿ ಎರಡು ಸಿದ್ಧ ಉತ್ತರಗಳು ಓಡಾಡುತ್ತಿವೆ. ನೆಂಟರು, ವಾಟ್ಸ್‌ಆ್ಯಪ್ ಗುಂಪುಗಳು, ಕೆಲವು ವೈದ್ಯರು ಕೂಡ ಹೇಳುವ ಉತ್ತರ: "ಹತ್ತು ಕೆಜಿ ಇಳಿಸಿ, ತಾನಾಗೇ ಹೋಗುತ್ತೆ." ಯಂತ್ರ ಮಾರುವವರು, ಇನ್ನು ಕೆಲವು ವೈದ್ಯರು ಹೇಳುವ ಉತ್ತರ: "ಇದು ಲೈಫ್‌ಲಾಂಗ್, ಬಿಪಿ, ಶುಗರ್ ಇದ್ದ ಹಾಗೆ." ಎರಡು ಉತ್ತರಗಳಿಂದಲೂ ಜನರಿಗೆ ಕೆಡುಕಾಗುತ್ತಿದೆ ಎಂಬುದು ನನ್ನ ವಾದ. ತೂಕ ಇಳಿಸುವುದು ನಿದ್ದೆಯಲ್ಲಿ ಉಸಿರು ನಿಲ್ಲುವ ಈ ರೋಗಕ್ಕೆ, ಅಂದರೆ ಸ್ಲೀಪ್ ಆಪ್ನಿಯಾಕ್ಕೆ, ನಿಜವಾದ ಚಿಕಿತ್ಸೆ. ಅದಕ್ಕೆ ಗಟ್ಟಿ ಪುರಾವೆಯಿದೆ, ಅಳೆದು ನೋಡಿದ ಲೆಕ್ಕವಿದೆ. ಆದರೆ ಅದು ನಿಧಾನದ ಚಿಕಿತ್ಸೆ. ಎಲ್ಲರ ಗಂಟಲಿಗೂ ಒಂದೇ ಫಲ ಕೊಡದ ಚಿಕಿತ್ಸೆ. ಈ ರಾತ್ರಿಯ ಉಸಿರಿಗೆ ಬೇಕಾದ ನೆರವನ್ನು ಮುಂದಿನ ವರ್ಷದ ತೂಕಕ್ಕೆ ಒತ್ತೆ ಇಡುವುದು ತಪ್ಪು. ಯಂತ್ರ ಕೊಟ್ಟು ಕಳಿಸಿ ತೂಕದ ಮಾತನ್ನೇ ಎತ್ತದಿರುವುದೂ ಅಷ್ಟೇ ತಪ್ಪು.

ಮೊದಲು ರೋಗದ ಸ್ವರೂಪ ನೋಡೋಣ. ಶ್ವಾಸನಾಳಕ್ಕೆ ಮೃದ್ವಸ್ಥಿಯ ಬಳೆಗಳಿವೆ, ಅದು ಸುಲಭಕ್ಕೆ ಮುಚ್ಚಿಕೊಳ್ಳುವುದಿಲ್ಲ. ಅದರ ಮೇಲಿನ ಭಾಗ, ಅಂದರೆ ಮೂಗಿನ ಹಿಂಬದಿಯಿಂದ ಧ್ವನಿಪೆಟ್ಟಿಗೆಯವರೆಗಿನ ದಾರಿಗೆ ಆ ಆಸರೆಯಿಲ್ಲ. ಸ್ನಾಯುಗಳ ಬಿಗುವೇ ಅದನ್ನು ತೆರೆದಿಡಬೇಕು. ಎಚ್ಚರವಿದ್ದಾಗ ಮಿದುಳು ಆ ಬಿಗುವನ್ನು ಕಾಯುತ್ತದೆ. ನಿದ್ದೆ ಬಂತೆಂದರೆ ಸ್ನಾಯು ಸಡಿಲವಾಗುತ್ತದೆ, ನಾಲಗೆ ಹಿಂದಕ್ಕೆ ಜಾರುತ್ತದೆ. ದಾರಿ ಮೊದಲೇ ಇಕ್ಕಟ್ಟಾಗಿದ್ದವರಲ್ಲಿ ಗೊರಕೆ ಕೇಳಿಸುತ್ತದೆ, ಇನ್ನೂ ಇಕ್ಕಟ್ಟಾದರೆ ಉಸಿರೇ ನಿಲ್ಲುತ್ತದೆ. ಎದೆ ಏರಿಳಿಯುತ್ತಿರುತ್ತದೆ, ಗಾಳಿ ಒಳಹೋಗುವುದಿಲ್ಲ. ರಕ್ತದ ಆಮ್ಲಜನಕ ಇಳಿದು, ಮಿದುಳು ಗಾಬರಿಬಿದ್ದು ಅರೆ ಎಚ್ಚರಗೊಂಡು, ಗಕ್ಕನೆ ಉಸಿರೆಳೆಸುತ್ತದೆ. ಮತ್ತೆ ನಿದ್ದೆ, ಮತ್ತೆ ಅದೇ. ಆ ಎಚ್ಚರ ಕೆಲವೇ ಸೆಕೆಂಡಿನದಾದ್ದರಿಂದ ಬೆಳಿಗ್ಗೆ ರೋಗಿಗೆ ಒಂದೂ ನೆನಪಿರುವುದಿಲ್ಲ. ಗೊತ್ತಿರುವುದು ಪಕ್ಕದಲ್ಲಿ ಮಲಗಿ, "ಈಗ ಉಸಿರು ಬರುತ್ತೋ ಇಲ್ಲವೋ" ಎಂದು ಕತ್ತಲಲ್ಲಿ ಕಿವಿಗೊಟ್ಟು ಕಾಯುವ ಹೆಂಡತಿಗೆ, ಅಥವಾ ಗಂಡನಿಗೆ.

ಹತ್ತು ಸೆಕೆಂಡು ಅಥವಾ ಹೆಚ್ಚು ಹೊತ್ತು ಉಸಿರು ಪೂರ್ತಿ ನಿಂತರೆ, ಇಲ್ಲವೇ ಗಣನೀಯವಾಗಿ ಕುಗ್ಗಿದರೆ ಅದೊಂದು ಘಟನೆ. ಇಂಥವು ಗಂಟೆಗೆ ಸರಾಸರಿ ಎಷ್ಟಾದವು ಎಂಬುದೇ ವರದಿಯಲ್ಲಿರುವ ಮುಖ್ಯ ಸಂಖ್ಯೆ. ಐದಕ್ಕಿಂತ ಕಡಿಮೆ ಇದ್ದರೆ ರೋಗವಿಲ್ಲ. 5ರಿಂದ 15 ಸೌಮ್ಯ, 15ರಿಂದ 30 ಮಧ್ಯಮ, 30ರ ಮೇಲೆ ತೀವ್ರ. ಗಂಟೆಗೆ 40 ಬಾರಿ ಎಂದರೆ ಸರಾಸರಿ ಒಂದೂವರೆ ನಿಮಿಷಕ್ಕೊಮ್ಮೆ ಉಸಿರಿಗೆ ತಡೆ. ನಮ್ಮ ದೇಶದಲ್ಲಿ ದುಡಿಯುವ ವಯಸ್ಸಿನ ಸುಮಾರು 10.4 ಕೋಟಿ ಜನರಿಗೆ ಈ ತೊಂದರೆ ಇದ್ದೀತು, ಅವರಲ್ಲಿ 4.7 ಕೋಟಿ ಮಂದಿಗೆ ಮಧ್ಯಮ ಅಥವಾ ತೀವ್ರ ಮಟ್ಟದ್ದಿದ್ದೀತು ಎಂದು ದೆಹಲಿಯ ಏಮ್ಸ್ ಸಂಶೋಧಕರು ಹಿಂದಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 2023ರಲ್ಲಿ ಅಂದಾಜು ಮಾಡಿದರು. ಇವರಲ್ಲಿ ಬಹುಪಾಲು ಜನ ಪರೀಕ್ಷೆಯ ಹತ್ತಿರಕ್ಕೂ ಹೋಗಿಲ್ಲ.

ಕೊಬ್ಬಿಗೂ ಇದಕ್ಕೂ ಏನು ಸಂಬಂಧ? ಕತ್ತಿನ ಸುತ್ತ ಕೊಬ್ಬು ಸೇರಿದರೆ ಹೊರಗಿನಿಂದ ಒತ್ತಡ ಬೀಳುತ್ತದೆ ಎಂಬುದು ಹಳೆಯ ತಿಳಿವಳಿಕೆ. ಹೊಟ್ಟೆಯ ಬೊಜ್ಜು ಮಲಗಿದಾಗ ವಪೆಯನ್ನು ಮೇಲಕ್ಕೆ ತಳ್ಳಿ ಶ್ವಾಸಕೋಶದ ಜಾಗ ಕುಗ್ಗಿಸುತ್ತದೆ. ಶ್ವಾಸಕೋಶ ಕುಗ್ಗಿದರೆ ಗಂಟಲನ್ನು ಕೆಳಕ್ಕೆ ಎಳೆದು ಬಿಗಿಯಾಗಿಟ್ಟಿದ್ದ ಹಿಡಿತವೂ ಸಡಿಲವಾಗುತ್ತದೆ. ಆದರೆ ನನಗೆ ಅತ್ಯಂತ ಕುತೂಹಲದ್ದಾಗಿ ಕಂಡದ್ದು ನಾಲಗೆಯ ವಿಷಯ. ನಾಲಗೆಯಲ್ಲೂ ಕೊಬ್ಬು ಶೇಖರವಾಗುತ್ತದೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ರಿಚರ್ಡ್ ಶ್ವಾಬ್ ಮತ್ತು ಸಂಗಡಿಗರು 67 ಜನರ ಗಂಟಲನ್ನು ತೂಕ ಇಳಿಸುವ ಮೊದಲು ಮತ್ತು ಆಮೇಲೆ ಎಂಆರ್‌ಐನಲ್ಲಿ ನೋಡಿ 2020ರಲ್ಲಿ ಪ್ರಕಟಿಸಿದರು. ಮೈತೂಕ ಸರಾಸರಿ ಶೇ. 10ರಷ್ಟು ಇಳಿದಾಗ ರೋಗದ ತೀವ್ರತೆ ಸುಮಾರು ಶೇ. 31ರಷ್ಟು ತಗ್ಗಿತ್ತು. ಆ ಸುಧಾರಣೆಗೆ ಎಲ್ಲಕ್ಕಿಂತ ಹತ್ತಿರದ ನಂಟು ಹೊಂದಿದ್ದದ್ದು ನಾಲಗೆಯ ಕೊಬ್ಬು ಕರಗಿದ್ದು. ಅಂದರೆ ತೂಕ ಇಳಿಸಿದ ಫಲ ಒಟ್ಟಾರೆ ಆರೋಗ್ಯದ ಮಾತಾಗಿ ಉಳಿಯುವುದಿಲ್ಲ. ಉಸಿರಿನ ದಾರಿಯಲ್ಲೇ ಕಾಣಿಸುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ 690 ಜನರನ್ನು ನಾಲ್ಕು ವರ್ಷದ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಿದ ಅಧ್ಯಯನ 2000ದಲ್ಲಿ ಹೊರಬಂತು. ತೂಕ ಶೇ. 10 ಏರಿದವರಲ್ಲಿ ಉಸಿರು ತಡೆಯುವ ಸಂಖ್ಯೆ ಸುಮಾರು ಶೇ. 32 ಏರಿತ್ತು, ಶೇ. 10 ಇಳಿದವರಲ್ಲಿ ಸುಮಾರು ಶೇ. 26 ಇಳಿದಿತ್ತು. ಜನರನ್ನು ಸುಮ್ಮನೆ ಗಮನಿಸಿ ಕಂಡುಕೊಂಡ ಸಂಬಂಧ ಇದು. ಚಿಕಿತ್ಸೆಯಾಗಿ ಕೊಟ್ಟು ನೋಡಿದರೆ ಏನಾಗುತ್ತದೆ ಎಂಬುದಕ್ಕೆ ಉತ್ತರ ಬಂದದ್ದು 2009ರಲ್ಲಿ, ಒಂದೇ ವರ್ಷ ಮೂರು ಕಡೆಯಿಂದ.

ಫಿನ್ಲೆಂಡಿನಲ್ಲಿ ಸೌಮ್ಯ ರೋಗದ 81 ಜನರನ್ನು ಆರಿಸಿಕೊಂಡರು. ಅರ್ಧದಷ್ಟು ಜನರಿಗೆ ಹನ್ನೆರಡು ವಾರ ಬಹಳ ಕಡಿಮೆ ಕ್ಯಾಲೊರಿಯ ಆಹಾರ, ಆಮೇಲೆ ವರ್ಷವಿಡೀ ಮಾರ್ಗದರ್ಶನ. ಉಳಿದವರಿಗೆ ಸಾಮಾನ್ಯ ಸಲಹೆ. ವರ್ಷದ ಕೊನೆಗೆ ಮೊದಲ ಗುಂಪು ಸರಾಸರಿ 10.7 ಕೆಜಿ ಇಳಿದಿತ್ತು, ಅವರಲ್ಲಿ ಶೇ. 63ರಷ್ಟು ಜನರಿಗೆ ರೋಗವೇ ಉಳಿದಿರಲಿಲ್ಲ. ಸಲಹೆ ಮಾತ್ರ ಪಡೆದವರಲ್ಲೂ ಶೇ. 35 ಮಂದಿ ರೋಗಮುಕ್ತರಾಗಿದ್ದರು ಎಂಬುದನ್ನು ಈ ಸುದ್ದಿ ಹೇಳುವವರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಗಡಿಯ ಆಸುಪಾಸಿನ ರೋಗ ಒಂದು ರಾತ್ರಿಯ ಪರೀಕ್ಷೆಯಲ್ಲಿ ಗೆರೆಯ ಆಚೆ, ಇನ್ನೊಂದು ರಾತ್ರಿ ಈಚೆ ಬೀಳುವುದುಂಟು. ಅದನ್ನು ಕಳೆದ ಮೇಲೂ ವ್ಯತ್ಯಾಸ ದೊಡ್ಡದೇ.

ಸ್ವೀಡನ್ನಿನ ಕರೋಲಿನ್‌ಸ್ಕಾ ಸಂಸ್ಥೆಯವರು ಆರಿಸಿದ್ದು ಇನ್ನೂ ಕಠಿಣ ಪ್ರಕರಣಗಳನ್ನು: ಮಧ್ಯಮದಿಂದ ತೀವ್ರ ಮಟ್ಟದ ರೋಗವಿದ್ದ, ಆಗಲೇ ಸಿಪ್ಯಾಪ್ ಬಳಸುತ್ತಿದ್ದ 63 ಸ್ಥೂಲಕಾಯದ ಗಂಡಸರು. ಏಳು ವಾರ ದ್ರವಾಹಾರ, ಎರಡು ವಾರ ಮೆಲ್ಲಗೆ ಮಾಮೂಲಿ ಊಟಕ್ಕೆ ಮರಳಿಕೆ. ಆಹಾರಕ್ರಮಕ್ಕೆ ಒಳಪಟ್ಟ ಗುಂಪಿನಲ್ಲಿ ಗಂಟೆಗೆ 37 ಇದ್ದ ಸರಾಸರಿ 12ಕ್ಕೆ ಬಂತು. ದಂಗುಬಡಿಸುವ ಫಲಿತಾಂಶ. ಆದರೂ ಐದರ ಕೆಳಗೆ ಬಂದು ಪೂರ್ತಿ ಗುಣವಾದವರು ಆ ಗುಂಪಿನ ಶೇ. 17 ಮಾತ್ರ. ಆಮೇಲೆ ಎರಡೂ ಗುಂಪಿಗೆ ಇದೇ ಕಾರ್ಯಕ್ರಮ ಕೊಟ್ಟು ಒಂದು ವರ್ಷ ಬಿಟ್ಟು ನೋಡಿದಾಗ ಸುಮಾರು ಅರ್ಧದಷ್ಟು ಜನರಿಗೆ ಯಂತ್ರ ಬೇಕಿರಲಿಲ್ಲ. ಪೂರ್ತಿ ರೋಗಮುಕ್ತರು ಹತ್ತರಲ್ಲಿ ಒಬ್ಬರು.

ಮೂರನೆಯದು ಅಮೆರಿಕದ ಸ್ಲೀಪ್ ಅಹೆಡ್: ಸಕ್ಕರೆ ಕಾಯಿಲೆಯ ಜೊತೆ ಬೊಜ್ಜೂ ಇದ್ದ 264 ಜನ, ಸರಾಸರಿ ವಯಸ್ಸು ಅರವತ್ತರ ಮೇಲೆ. ನಮ್ಮ ಆಸ್ಪತ್ರೆಗಳ ಸಾಲಿನಲ್ಲಿ ಕಾಣುವ ರೋಗಿಗಳಿಗೆ ತುಂಬ ಹತ್ತಿರದವರು. ಒಂದು ವರ್ಷದಲ್ಲಿ 10.8 ಕೆಜಿ ಇಳಿಸಿದ ಗುಂಪಿನಲ್ಲಿ ಪೂರ್ತಿ ಗುಣವಾದವರು ಶೇ. 13.6, ಇನ್ನೊಂದು ಗುಂಪಿನಲ್ಲಿ ಶೇ. 3.5. ಈ ಅಧ್ಯಯನದ ಬೆಲೆ ಇರುವುದು ಅದು ಅಲ್ಲಿಗೇ ನಿಲ್ಲದೆ ಮುಂದುವರಿದದ್ದರಲ್ಲಿ. ನಾಲ್ಕನೆಯ ವರ್ಷಕ್ಕೆ ಇಳಿಸಿದ ತೂಕದಲ್ಲಿ ಅರ್ಧದಷ್ಟು ಮರಳಿ ಬಂದಿತ್ತು. ಹಾಗಿದ್ದೂ ಉಸಿರಿನ ಲಾಭ ಬಹುಮಟ್ಟಿಗೆ ಉಳಿದಿತ್ತು. ಪೂರ್ತಿ ಗುಣವಾದವರ ಪಾಲು ಶೇ. 20.7ಕ್ಕೆ ಏರಿತ್ತು. ಹತ್ತನೆಯ ವರ್ಷ ಅದು ಶೇ. 34.4, ಹೋಲಿಕೆಯ ಗುಂಪಿನಲ್ಲಿ ಶೇ. 22.2. "ತೂಕ ಇಳಿಸಿದೆ, ಮತ್ತೆ ಬಂತು, ಎಲ್ಲ ವ್ಯರ್ಥ" ಎಂದು ಕೈಚೆಲ್ಲಿ ಕೂತವರಿಗೆ ಈ ಸಂಖ್ಯೆಗಳನ್ನು ಯಾರಾದರೂ ತೋರಿಸಬೇಕು. ಪಟ್ಟ ಶ್ರಮದಲ್ಲಿ ಒಂದು ಪಾಲು ಗಂಟಲಿನಲ್ಲಿ ಉಳಿದುಕೊಂಡಿರುತ್ತದೆ.

ಈಚಿನದು, ನನ್ನ ದೃಷ್ಟಿಯಲ್ಲಿ ಜೀವನಶೈಲಿಯ ಪರವಾಗಿ ಅತ್ಯಂತ ಬಲವಾದದ್ದು, ಸ್ಪೇನಿನ ಗ್ರನಾಡಾದಲ್ಲಿ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗ. ಮಧ್ಯಮ ಮತ್ತು ತೀವ್ರ ರೋಗದ 89 ಗಂಡಸರು. ಅವರಲ್ಲಿ ಒಂದು ಗುಂಪಿಗೆ ಎಂಟು ವಾರ ಆಹಾರ, ವ್ಯಾಯಾಮ, ನಿದ್ದೆಯ ಶಿಸ್ತು, ಸಿಗರೇಟು ಮತ್ತು ಮದ್ಯ ಬಿಡಿಸುವುದು, ಎಲ್ಲವೂ ಒಟ್ಟಿಗೆ. ಅದು ಮುಗಿದು ಆರು ತಿಂಗಳ ಹೊತ್ತಿಗೆ ಈ ಗುಂಪಿನಲ್ಲಿ ಶೇ. 29ರಷ್ಟು ಜನ ಪೂರ್ತಿ ಗುಣವಾಗಿದ್ದರು, ಶೇ. 62 ಜನರಿಗೆ ಯಂತ್ರದ ಅಗತ್ಯವಿರಲಿಲ್ಲ. ಇಲ್ಲಿ ಒಂದು ವಿವರವನ್ನು ಓದುಗರು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಸ್ವೀಡನ್ನಿನವರಂತೆ ಇವರೂ ಸಿಪ್ಯಾಪ್ ಚಿಕಿತ್ಸೆಯಲ್ಲಿದ್ದವರೇ. ತೂಕ ಇಳಿಸುವುದಕ್ಕೆ ಯಾರೂ ಅವರ ಮಾಸ್ಕು ಕಿತ್ತುಕೊಳ್ಳಲಿಲ್ಲ. "ತೂಕ ಇಳಿಸಿದರೆ ಯಂತ್ರ ಬೇಡ" ಎಂದು ನಾವು ಹಂಚಿಕೊಳ್ಳುವ ಸುದ್ದಿಯ ಬುಡದಲ್ಲಿರುವ ಪ್ರಯೋಗಗಳೇ ಯಂತ್ರದ ಆಸರೆಯಲ್ಲಿ ನಡೆದವು.

ಇಷ್ಟೆಲ್ಲ ಇದ್ದರೂ ಯಾಕೆ ಎಲ್ಲರಿಗೂ ಗುಣವಾಗುವುದಿಲ್ಲ? ಉತ್ತರ ಮುಖದ ಮೂಳೆಯಲ್ಲಿದೆ. ಟ್ರಂಕಿಗೆ ಬಟ್ಟೆ ತುಂಬಿದಂತೆ ಇದು: ಮುಚ್ಚಳ ಹಾಕಲಾಗದಿದ್ದರೆ ಬಟ್ಟೆ ಹೆಚ್ಚಾಗಿದೆ ಎನ್ನಬಹುದು, ಟ್ರಂಕು ಚಿಕ್ಕದು ಎಂದೂ ಹೇಳಬಹುದು. ದವಡೆ ಚಿಕ್ಕದಾಗಿ ಹಿಂದಕ್ಕೆ ಸರಿದಿದ್ದರೆ, ಅಂಗುಳ ಕಿರಿದಾಗಿದ್ದರೆ, ಮಾಮೂಲಿ ಗಾತ್ರದ ನಾಲಗೆಗೂ ಅಲ್ಲಿ ಜಾಗ ಸಾಲದು. ಏಷ್ಯಾದ ಜನರಲ್ಲಿ ಪಾಶ್ಚಾತ್ಯರಿಗಿಂತ ಕಡಿಮೆ ತೂಕಕ್ಕೇ ಈ ರೋಗ ಕಾಣಿಸಿಕೊಳ್ಳುವುದಕ್ಕೆ ಮುಖದ ಮೂಳೆಗಳ ರಚನೆ ಒಂದು ಕಾರಣ. ಅದರ ಮೇಲೆ ನಮ್ಮ ಮೈಯ ಗುಣ ಬೇರೆ. ಪುಣೆಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮದೇ ಚಿತ್ರ ಹಾಕಿಸಿದ್ದರು. ಇಬ್ಬರ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) ಒಂದೇ, 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ. 9.1, ಯಾಜ್ಞಿಕ್ ಮೈಯಲ್ಲಿ ಶೇ. 21.2. ಭಾರತೀಯರಿಗೆ ಬಿಎಂಐ 23 ದಾಟಿದರೇ ಅಧಿಕ ತೂಕ, 25 ದಾಟಿದರೆ ಸ್ಥೂಲಕಾಯ ಎಂದು ನಮ್ಮ ತಜ್ಞರು ಗೆರೆಯನ್ನು ಕೆಳಗೆ ಎಳೆದದ್ದು ಇದೇ ಕಾರಣಕ್ಕೆ. ಹಾಗಾಗಿ ನೋಡಲು ದಪ್ಪಗಿಲ್ಲದ ಮನುಷ್ಯನಿಗೂ ಇಳಿಸಲು ಒಂದಿಷ್ಟು ಕೊಬ್ಬಿರಬಹುದು. ಇಳಿಸಿದ ಮೇಲೂ ಅವನ ದವಡೆ ಬದಲಾಗುವುದಿಲ್ಲ ಎಂಬುದೂ ನಿಜ.

ದಪ್ಪಗಿರುವವರಿಗೆ ಬರುವ ರೋಗ ಎಂಬ ನಂಬಿಕೆಗೆ ಹಳೆಯ ಬೇರಿದೆ. ಇಂಗ್ಲಿಷ್ ಲೇಖಕ ಡಿಕನ್ಸ್‌ನ ಕಾದಂಬರಿಯೊಂದರಲ್ಲಿ ನಿಂತಲ್ಲೇ ತೂಕಡಿಸುವ ದಪ್ಪ ಹುಡುಗನೊಬ್ಬನಿದ್ದ. 1956ರಲ್ಲಿ ಅಮೆರಿಕದ ವೈದ್ಯರು ಸ್ಥೂಲಕಾಯ, ತೂಕಡಿಕೆ, ಉಸಿರಿನ ಕೊರತೆ ಸೇರಿದ ಸ್ಥಿತಿಗೆ ಆ ಪುಸ್ತಕದ ಹೆಸರನ್ನೇ ಇಟ್ಟರು. ಎಪ್ಪತ್ತರ ದಶಕದಲ್ಲಿ ಸ್ಟ್ಯಾನ್‌ಫರ್ಡಿನ ಕ್ರಿಶ್ಚಿಯನ್ ಗಿಯೆಮಿನೋ ಸ್ಲೀಪ್ ಆಪ್ನಿಯಾ ಎಂಬ ಹೆಸರು ನೆಲೆಗೊಳಿಸಿದಾಗ, ತೆಳ್ಳಗಿನವರಿಗೂ ಇದು ಬರುತ್ತದೆ ಎಂಬುದನ್ನು ಒತ್ತಿ ಹೇಳಿದರು. ಅರ್ಧ ಶತಮಾನ ಕಳೆದರೂ ಆ ಮಾತು ನಮ್ಮ ಕ್ಲಿನಿಕ್ಕುಗಳಿಗೆ ಪೂರ್ತಿ ತಲುಪಿಲ್ಲ. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಈ ರೋಗ ಗಣನೀಯವಾಗಿ ಹೆಚ್ಚುತ್ತದೆ. ಗೊರಕೆ ಹೊಡೆಯುತ್ತೇನೆಂದು ಹೇಳಿಕೊಳ್ಳಲು ನಾಚುವ ಅವರು "ಸುಸ್ತು, ತಲೆನೋವು, ನಿದ್ದೆ ಸರಿಯಿಲ್ಲ" ಎಂದಷ್ಟೇ ಹೇಳುತ್ತಾರೆ. ಒಂದು ಕಬ್ಬಿಣಾಂಶದ ಮಾತ್ರೆಯೋ ನಿದ್ದೆ ಮಾತ್ರೆಯೋ ಹಿಡಿದು ಮನೆಗೆ ಹೋಗುತ್ತಾರೆ. ಥೈರಾಯ್ಡ್ ಕೊರತೆಯೂ ಇದನ್ನು ಹೆಚ್ಚಿಸುತ್ತದೆ. ಮಕ್ಕಳಲ್ಲಿ ಹೆಚ್ಚಾಗಿ ಕಾರಣ ದೊಡ್ಡದಾದ ಟಾನ್ಸಿಲ್ ಮತ್ತು ಅಡಿನಾಯ್ಡ್. ಇವರಿಗೆಲ್ಲ ಮೊದಲ ಮಾತೇ "ತೂಕ ಇಳಿಸಿ" ಎಂದಾದರೆ ಅದು ರೋಗ ನೋಡದೆ ಕೊಟ್ಟ ಔಷಧಿ.

ಮೂಳೆಯ ಆಚೆಗೂ ಕಾರಣಗಳಿವೆ. ಕೆಲವರ ಮಿದುಳು ಉಸಿರನ್ನು ನಿಯಂತ್ರಿಸುವಾಗ ಅತಿಯಾಗಿ ಪ್ರತಿಕ್ರಿಯಿಸಿ ಏರುಪೇರು ಮಾಡುತ್ತದೆ. ಕೆಲವರಿಗೆ ಸಣ್ಣ ತಡೆಗೂ ಎಚ್ಚರವಾಗಿಬಿಡುತ್ತದೆ. ಕೆಲವರ ಗಂಟಲಿನ ಸ್ನಾಯು ನಿದ್ದೆಯಲ್ಲಿ ತೀರಾ ಮಂದ. ಆಸ್ಟ್ರೇಲಿಯಾದಲ್ಲಿ 60 ಜನರ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇದಕ್ಕೆ ಕನ್ನಡಿ ಹಿಡಿಯುತ್ತದೆ. ಜಠರಕ್ಕೆ ಪಟ್ಟಿ ಬಿಗಿಯುವ ಶಸ್ತ್ರಚಿಕಿತ್ಸೆ ಪಡೆದವರು ಎರಡು ವರ್ಷದಲ್ಲಿ ಸರಾಸರಿ 27.8 ಕೆಜಿ ಇಳಿದರು, ಸಾಮಾನ್ಯ ಕ್ರಮದವರು 5.1 ಕೆಜಿ. ಉಸಿರು ತಡೆಯುವ ಸಂಖ್ಯೆ ಇಳಿದದ್ದು ಕ್ರಮವಾಗಿ 25.5 ಮತ್ತು 14. ಐದು ಪಟ್ಟು ತೂಕ ಇಳಿಸಿದರೂ ಲಾಭ ಎರಡು ಪಟ್ಟನ್ನೂ ಮುಟ್ಟಲಿಲ್ಲ. ಆ ವ್ಯತ್ಯಾಸ ಅಂಕಿಅಂಶದ ದೃಷ್ಟಿಯಿಂದ ಖಚಿತ ಎನ್ನುವಷ್ಟೂ ಇರಲಿಲ್ಲ. ಕಿಲೋ ಲೆಕ್ಕದಲ್ಲಿ ಉಸಿರು ಸಿಗುವುದಿಲ್ಲ.

ಜೀವನಶೈಲಿ ಎಂದರೆ ತೂಕವೊಂದೇ ಎಂಬ ಭಾವನೆಯನ್ನೂ ಇಲ್ಲಿ ತಿದ್ದಬೇಕು. ಅಮೆರಿಕದ ದಕ್ಷಿಣ ಕೆರೊಲಿನಾದಲ್ಲಿ 43 ಜನರಲ್ಲಿ ಒಂದು ಗುಂಪಿಗೆ ಹನ್ನೆರಡು ವಾರ ವ್ಯಾಯಾಮ ಮಾಡಿಸಿದ ಪ್ರಯೋಗದಲ್ಲಿ ಅವರ ತೂಕ ಹೇಳಿಕೊಳ್ಳುವಷ್ಟು ಇಳಿಯದಿದ್ದರೂ ಗಂಟೆಯ ತಡೆಗಳ ಸರಾಸರಿ 32ರಿಂದ 25ರ ಆಸುಪಾಸಿಗೆ ಬಂತು. ದಿನವಿಡೀ ಕುರ್ಚಿಯಲ್ಲಿ ಕೂತವರ ಕಾಲಲ್ಲಿ ನಿಲ್ಲುವ ನೀರು ರಾತ್ರಿ ಮಲಗಿದಾಗ ಕತ್ತಿನ ಕಡೆ ಹರಿದು ಗಂಟಲನ್ನು ಊದಿಸುತ್ತದೆ. ನಡೆದಾಡುವುದರ ಲಾಭಕ್ಕೆ ಇದೂ ಒಂದು ಕಾರಣವಿರಬಹುದು. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಮೂರು ಗಂಟೆ, ಆಫೀಸಿನಲ್ಲಿ ಒಂಬತ್ತು ಗಂಟೆ ಕೂರುವವರು ಸಂಜೆಯ ಅರ್ಧ ಗಂಟೆ ನಡಿಗೆಯನ್ನು ಕ್ಯಾಲೊರಿಯ ತಕ್ಕಡಿಯಲ್ಲಷ್ಟೇ ತೂಗಬಾರದು. ಮಲಗುವ ಮುಂಚಿನ ಮದ್ಯ ಗಂಟಲಿನ ಸ್ನಾಯುವನ್ನು ಇನ್ನಷ್ಟು ಸಡಿಲಿಸುತ್ತದೆ. ವೈದ್ಯರನ್ನು ಕೇಳದೆ ನುಂಗುವ ನಿದ್ದೆ ಮಾತ್ರೆಗಳಲ್ಲಿ ಹಲವು ಅದನ್ನೇ ಮಾಡುತ್ತವೆ. ಅಂಗಾತ ಮಲಗಿದಾಗ ಮಾತ್ರ ಉಸಿರು ಕಟ್ಟುವವರ ಸಂಖ್ಯೆ ಸಣ್ಣದಲ್ಲ. ಅವರಿಗೆ ಮಗ್ಗುಲಾಗಿ ಮಲಗುವ ಅಭ್ಯಾಸ, ಬೆನ್ನಿಗೆ ಚೆಂಡು ಹೊಲಿದ ಬನಿಯನ್ನು ಕೂಡ ದೊಡ್ಡ ಉಪಕಾರ ಮಾಡುತ್ತದೆ.

ಗಂಟಲಿನ ಸ್ನಾಯುವಿಗೆ ತಾಲೀಮು ಕೊಡುವ ದಾರಿಯನ್ನೂ ನಗೆಯಾಡುವಂತಿಲ್ಲ. ಸ್ವಿಟ್ಜರ್ಲೆಂಡಿನಲ್ಲಿ 25 ಜನರಲ್ಲಿ ಒಂದು ಗುಂಪಿಗೆ ಆಸ್ಟ್ರೇಲಿಯಾದ ಮೂಲನಿವಾಸಿಗಳ ಉದ್ದನೆಯ ಊದುವಾದ್ಯ ಡಿಜೆರಿಡೂ ಕಲಿಸಿದ ಪ್ರಯೋಗ 2006ರಲ್ಲಿ ಬಂತು. ನಾಲ್ಕು ತಿಂಗಳಲ್ಲಿ ಕಲಿತವರ ಹಗಲಿನ ತೂಕಡಿಕೆಯೂ ಉಸಿರಿನ ತಡೆಯೂ ಕಡಿಮೆಯಾದವು. 2025ರಲ್ಲಿ ಜೈಪುರದ ವೈದ್ಯರು 30 ಜನರ ಮೇಲೆ ಶಂಖ ಊದಿಸುವ ಪ್ರಯೋಗ ಪ್ರಕಟಿಸಿದರು. ಆರು ತಿಂಗಳು ಊದಿದವರಲ್ಲಿ ಗಂಟೆಗೆ ನಾಲ್ಕೈದು ತಡೆಗಳು ತಗ್ಗಿದ್ದವು. ನಮ್ಮ ದೇವರ ಮನೆಯ ಶಂಖಕ್ಕೆ ಇಂಥ ಗುಣ ಇದೆಯೆಂದು ಕೇಳಿದರೆ ಖುಷಿಯಾಗುತ್ತದೆ, ಸಹಜ. ಆದರೆ ಗಂಟೆಗೆ 18 ಇರುವವರಿಗೆ ನಾಲ್ಕೈದು ತಗ್ಗಿದರೆ ಅದಕ್ಕೊಂದು ಅರ್ಥವಿದೆ. 55 ಇರುವವರು ಅದನ್ನು ನಂಬಿ ಮಾಸ್ಕು ಕಳಚಿದರೆ ಅಪಾಯವಿದೆ. ಪ್ರಾಣಾಯಾಮದ ಬಗ್ಗೆ ನನ್ನ ಮಾತೂ ಇದೇ. ಎಚ್ಚರದಲ್ಲಿ ಉಸಿರಿನ ಮೇಲೆ ಸಾಧಿಸಿದ ಹಿಡಿತ ನಿದ್ದೆಯಲ್ಲಿ ಹಾಗೇ ಉಳಿಯುತ್ತದೆಂದು ಯಾರೂ ಭರವಸೆ ಕೊಡುವಂತಿಲ್ಲ.

ನನ್ನನ್ನು ಹೆಚ್ಚು ಕಾಡುವುದು "ಮೊದಲು ತೂಕ ಇಳಿಸಿ ಬನ್ನಿ" ಎಂಬ ಮಾತಿನ ಕ್ರೌರ್ಯ. ಹೇಳುವವರಿಗೆ ಅದು ಕ್ರೌರ್ಯವೆಂದು ಅನಿಸುವುದಿಲ್ಲ. ರಾತ್ರಿ ಗಂಟೆಗೆ ನಲವತ್ತು ಸಲ ಮಿದುಳು ಎಬ್ಬಿಸಿದ ಮನುಷ್ಯ ಬೆಳಿಗ್ಗೆ ಐದೂವರೆಗೆ ಎದ್ದು ಕೆರೆ ಏರಿಯ ಮೇಲೆ ವಾಕಿಂಗ್ ಹೋಗಬೇಕು ಎಂದು ಕೇಳುತ್ತಿದ್ದೇವೆ. ನಿದ್ದೆಗೆಟ್ಟ ಮೈಗೆ ಹಸಿವು ಹೆಚ್ಚು, ಸಿಹಿಯ ಮೇಲೆ ಆಸೆ ಹೆಚ್ಚು, ಚಲನೆ ಕಡಿಮೆ. ತೂಕ ರೋಗವನ್ನು ಹೆಚ್ಚಿಸುತ್ತದೆ, ರೋಗ ತೂಕ ಇಳಿಸುವ ಶಕ್ತಿಯನ್ನೇ ಕಸಿಯುತ್ತದೆ. ಆಗದಿದ್ದಾಗ ಮನೆಯವರು "ಬಾಯಿ ಕಟ್ಟೋಕಾಗಲ್ಲ ಇವರಿಗೆ" ಎನ್ನುತ್ತಾರೆ. ಆ ಅವಮಾನ ಹೊತ್ತವರು ಮತ್ತೆ ವೈದ್ಯರ ಬಳಿ ಹೋಗುವುದೇ ಇಲ್ಲ. ಅಷ್ಟರಲ್ಲಿ ಬಿಪಿ ಏರಿರುತ್ತದೆ, ಹೃದಯದ ಬಡಿತ ತಾಳ ತಪ್ಪಿರುತ್ತದೆ. ಅವರು ರಾತ್ರಿ ಹುಬ್ಬಳ್ಳಿ ರಸ್ತೆಯಲ್ಲಿ ಲಾರಿ ಓಡಿಸುವವರಾಗಿದ್ದರೆ ಅಪಾಯ ಅವರೊಬ್ಬರದೇ ಆಗಿ ಉಳಿಯುವುದಿಲ್ಲ.

ಹಾಗೆಂದು ಯಂತ್ರವನ್ನು ಪೂಜೆಗಿಡಲೂ ನಾನು ಸಿದ್ಧನಿಲ್ಲ. ಸಿಡ್ನಿಯ ಕಾಲಿನ್ ಸಲಿವನ್ 1981ರಲ್ಲಿ ಮೊದಲು ಐದು ರೋಗಿಗಳಲ್ಲಿ ತೋರಿಸಿದ ಈ ಉಪಾಯ ಹಾಕಿಕೊಂಡ ರಾತ್ರಿಯೇ ಕೆಲಸ ಮಾಡುತ್ತದೆ; ಗಾಳಿಯ ಒತ್ತಡ ಗಂಟಲನ್ನು ಒಳಗಿನಿಂದ ತೆರೆದಿಡುತ್ತದೆ. ಕಳಚಿದ ರಾತ್ರಿ ರೋಗ ಮರಳುತ್ತದೆ. ಹೃದಯ ಅಥವಾ ಮಿದುಳಿನ ರಕ್ತನಾಳದ ಕಾಯಿಲೆಯಿದ್ದ 2,717 ಜನರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಸೇವ್ ಪ್ರಯೋಗದಲ್ಲಿ ಯಂತ್ರದಿಂದ ಹೃದಯಾಘಾತ, ಲಕ್ವ ತಗ್ಗಲಿಲ್ಲ. ಹಗಲಿನ ತೂಕಡಿಕೆ ತಗ್ಗಿತು, ಬದುಕು ಹಗುರಾಯಿತು. ಅವರು ಯಂತ್ರ ಬಳಸಿದ್ದು ರಾತ್ರಿಗೆ ಸರಾಸರಿ 3.3 ಗಂಟೆ ಮಾತ್ರ ಎಂಬುದನ್ನೂ ಜೊತೆಗಿಟ್ಟು ಓದಬೇಕು. ಯಂತ್ರ ತೂಕವನ್ನೂ ಇಳಿಸುವುದಿಲ್ಲ. ಬಳಸುವವರ ತೂಕ ಸ್ವಲ್ಪ ಏರುವುದನ್ನೇ ಹಲವು ಪ್ರಯೋಗಗಳ ಒಟ್ಟು ಲೆಕ್ಕ ತೋರಿಸಿದೆ. ನಮ್ಮಲ್ಲಿ ಅದರ ಬೆಲೆ ಹತ್ತಾರು ಸಾವಿರ ರೂಪಾಯಿ. ರಾತ್ರಿ ಕರೆಂಟು ಹೋಗುವ ಹಳ್ಳಿಯಲ್ಲಿ ಬ್ಯಾಟರಿಯ ಖರ್ಚು ಬೇರೆ. ಆದ್ದರಿಂದ ಯಂತ್ರ ಕೊಟ್ಟ ದಿನವೇ ಆಹಾರತಜ್ಞರ ಹೆಸರನ್ನೂ ಕೊಡದ ಕ್ಲಿನಿಕ್ಕು ಅರ್ಧ ಕೆಲಸ ಮಾಡಿದಂತೆ.

ಈಗ ಮೂರನೆಯ ದಾರಿಯೊಂದು ತೆರೆದಿದೆ: ವಾರಕ್ಕೊಮ್ಮೆ ಚುಚ್ಚಿಕೊಳ್ಳುವ, ತೂಕ ಇಳಿಸುವ ಔಷಧಿ ಟಿರ್ಜೆಪಟೈಡ್. 2024ರಲ್ಲಿ ಪ್ರಕಟವಾದ ಜೋಡಿ ಪ್ರಯೋಗದಲ್ಲಿ ಗಂಟೆಗೆ ಸುಮಾರು 50 ತಡೆಯಿದ್ದ 469 ಸ್ಥೂಲಕಾಯದವರು ಭಾಗವಹಿಸಿದರು. ಒಂದು ವರ್ಷದಲ್ಲಿ ಔಷಧಿ ಪಡೆದವರಲ್ಲಿ ಗಂಟೆಯ ತಡೆಗಳ ಸಂಖ್ಯೆ 25ರಿಂದ 29ರಷ್ಟು ಇಳಿಯಿತು, ಬರಿಯ ಹುಸಿಮದ್ದು ಪಡೆದವರಲ್ಲಿ ಐದರಷ್ಟು. ಅದೇ ವರ್ಷದ ಡಿಸೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಕರು ಸ್ಥೂಲಕಾಯದ ಜೊತೆಗೆ ಮಧ್ಯಮ ಅಥವಾ ತೀವ್ರ ಆಪ್ನಿಯಾ ಇರುವವರಿಗೆ ಇದನ್ನು ಒಪ್ಪಿದರು. ತೂಕಕ್ಕೂ ಉಸಿರಿಗೂ ಇರುವ ನಂಟಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಅದೇ ಸಂಖ್ಯೆಯನ್ನು ಇನ್ನೊಂದು ಕಡೆಯಿಂದಲೂ ಓದಿ. 50ರಲ್ಲಿ 25 ಹೋದರೆ ಉಳಿಯುವುದು 25. ಮೈತೂಕದ ಐದನೇ ಒಂದು ಪಾಲಿನಷ್ಟು ಕರಗಿದ ಮೇಲೂ ಸರಾಸರಿ ರೋಗಿ ಮಧ್ಯಮ ಮಟ್ಟದ ರೋಗಿಯಾಗಿಯೇ ಉಳಿಯುತ್ತಾನೆ. ಯಂತ್ರ ಬಹುಶಃ ಬೇಡ ಎನ್ನುವ ಮಟ್ಟ ಮುಟ್ಟಿದವರು ಹತ್ತರಲ್ಲಿ ನಾಲ್ಕೈದು ಜನ. ಭಾರತಕ್ಕೆ ಈ ಔಷಧಿ 2025ರ ಮಾರ್ಚಿನಲ್ಲಿ ಬಂದಾಗ ಒಂದು ವಾರದ ಸಣ್ಣ ಪ್ರಮಾಣಕ್ಕೇ ಮೂರೂವರೆ ಸಾವಿರ ರೂಪಾಯಿ ಇತ್ತು. ನಿಲ್ಲಿಸಿದರೆ ತೂಕ ಮರಳುತ್ತದೆ ಎಂಬುದನ್ನು ಇದೇ ಔಷಧಿಯ ಬೇರೊಂದು ಪ್ರಯೋಗ ತೋರಿಸಿದೆ. ಕೊಳ್ಳಬಲ್ಲವರಿಗೆ ಇದು ಒಳ್ಳೆಯ ಆಸರೆ. ಅದನ್ನು ನೋಡಿ ದವಡೆಯ ಸಮಸ್ಯೆ ಮರೆತರೆ ಮತ್ತೆ ಹಳೆಯ ತಪ್ಪೇ.

ಹಾಗಾದರೆ ರೋಗಿಗೆ ಏನು ಹೇಳಬೇಕು? ಸಂಖ್ಯೆ ಸೌಮ್ಯ ಮಟ್ಟದಲ್ಲಿದ್ದು, ಹಗಲು ತೂಕಡಿಕೆ ಇಲ್ಲದೆ, ವಾಹನ ಓಡಿಸುವ ಕೆಲಸವೂ ಅಲ್ಲದಿದ್ದರೆ ಕೆಲವು ತಿಂಗಳು ತೂಕ, ಮಗ್ಗುಲು, ಮದ್ಯ, ನಡಿಗೆ ಇವುಗಳ ಮೇಲೆ ದುಡಿದು ನೋಡಬಹುದು. ಗೆಲ್ಲುವ ಸಾಧ್ಯತೆ ಚೆನ್ನಾಗಿದೆ. ತೀವ್ರವಿದ್ದರೆ ಇಂದಿನಿಂದಲೇ ಮಾಸ್ಕು, ಜೊತೆಗೇ ತೂಕದ ಕೆಲಸ. ಮಾಸ್ಕು ಒಗ್ಗದವರಿಗೆ ಕೆಳದವಡೆಯನ್ನು ಮುಂದಕ್ಕೆ ಹಿಡಿದಿಡುವ ಹಲ್ಲಿನ ಸಾಧನವಿದೆ, ಆಯ್ದ ಕೆಲವರಿಗೆ ಶಸ್ತ್ರಚಿಕಿತ್ಸೆಯಿದೆ. ಗುರಿ ಎಷ್ಟು ಎಂದು ಕೇಳಿದರೆ ಮೈತೂಕದ ಹತ್ತನೇ ಒಂದು ಪಾಲು ಎನ್ನಿ: ತೊಂಬತ್ತು ಕೆಜಿಯವರಿಗೆ ಒಂಬತ್ತು. ಕಾಲೇಜು ದಿನಗಳ ತೂಕಕ್ಕೆ ಮರಳಬೇಕಿಲ್ಲ.

ಇಳಿಸಿದ ಮೇಲೆ ಬಹುತೇಕರು ತಪ್ಪುವ ಹೆಜ್ಜೆ ಒಂದಿದೆ. ಗೊರಕೆ ನಿಂತಿತು, ಮನೆಯವರು ಶಹಭಾಸ್ ಎಂದರು, ಯಂತ್ರ ಅಟ್ಟಕ್ಕೆ ಹೋಯಿತು. ಗೊರಕೆಯ ಸದ್ದು ಕಡಿಮೆಯಾಗಿಯೂ ಉಸಿರಿನ ತಡೆ ಉಳಿದಿರಬಹುದು. ತೂಕ ಇಳಿದು ಕೆಲವು ತಿಂಗಳು ನಿಂತ ಮೇಲೆ, ಯಂತ್ರವಿಲ್ಲದೆ ಮಲಗಿ, ಮತ್ತೊಮ್ಮೆ ನಿದ್ರಾ ಪರೀಕ್ಷೆ ಮಾಡಿಸಬೇಕು. ಈಗ ಹಲವರಿಗೆ ಮನೆಯಲ್ಲೇ ಮಾಡುವ ಸಣ್ಣ ಸಾಧನ ಸಾಕಾಗುತ್ತದೆ. ವರದಿಯಲ್ಲಿ ಒಟ್ಟು ಸಂಖ್ಯೆಯ ಜೊತೆಗೆ ಅಂಗಾತ ಮಲಗಿದಾಗಿನ ಸಂಖ್ಯೆಯನ್ನೂ ಆಮ್ಲಜನಕ ಎಷ್ಟಕ್ಕಿಳಿಯಿತು ಎಂಬುದನ್ನೂ ಕೇಳಿ ನೋಡಬೇಕು. ರೋಗ ಉಳಿದಿದ್ದರೂ ಹಳೆಯ ಗಾಳಿಯೊತ್ತಡ ಈಗ ಬೇಕಾದ್ದಕ್ಕಿಂತ ಹೆಚ್ಚಾಗಿರಬಹುದು, ತಗ್ಗಿಸಿದರೆ ಮಾಸ್ಕು ಸಹಿಸಲು ಹಗುರಾಗುತ್ತದೆ. ಈ ಎರಡನೆಯ ಪರೀಕ್ಷೆಯ ಖರ್ಚಿಗೆ ಹೆದರಿ ಜನ ಅಂದಾಜಿನ ಮೇಲೆ ಯಂತ್ರ ಬಿಡುತ್ತಿದ್ದಾರೆ. ಸಕ್ಕರೆ, ಬಿಪಿ ತಪಾಸಣೆಗೆ ಸರ್ಕಾರಿ ಆಸ್ಪತ್ರೆಯಲ್ಲಿ ಮೇಜು ಹಾಕಿದಂತೆ, ಜಿಲ್ಲಾಸ್ಪತ್ರೆಗೆ ಕೆಲವಾದರೂ ಮನೆಗೆ ಒಯ್ಯುವ ನಿದ್ರಾ ಪರೀಕ್ಷಾ ಸಾಧನಗಳು ಬರಬೇಕು. ಮೊದಲ ಪಾಳಿ ರಾತ್ರಿ ಬಸ್ಸು, ಲಾರಿ ಓಡಿಸುವವರದಾಗಲಿ.